ವೀರನ ಕೈಯ ಕತ್ತಿ

ಜನಪ್ರಿಯ ಚಲಚ್ಚಿತ್ರಗಳ ನಾಯಕನಲ್ಲಿ ಕ್ರಿಸ್ತನನ್ನು ಕಾಣುವುದು ಪಾಶ್ಚಾತ್ಯ ಕ್ರೈಸ್ತ ವಿಮರ್ಶಕರಲ್ಲಿ ಹಲವರಿಗೆ ಪ್ರಿಯವಾದ ಕೆಲಸ. ಆಕಾಶದಿಂದ ಇಳಿದು ಬಂದವನು, ಸಾಮಾನ್ಯರ ಮನೆಯಲ್ಲಿ ಗುಟ್ಟಾಗಿ ಬೆಳೆದವನು, ಲೋಕವನ್ನು ಉಳಿಸಲೆಂದು ಸಾವಿನ ಬಾಯಿಗೆ ಹೋಗಿ ಮರಳಿದವನು. ಇಷ್ಟು ಲಕ್ಷಣಗಳು ಕೂಡಿದರೆ ತೀರ್ಪು ಸಿದ್ಧ. ಕನ್ನಡ ಕಾವ್ಯಗಳನ್ನು ಓದಿದವರಿಗೆ ಇಂಥ ಸಮೀಕರಣ ಹೊಸದಲ್ಲ. ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿದನು. ರನ್ನನು ಸತ್ಯಾಶ್ರಯನನ್ನು ಭೀಮನೊಡನೆ. ಆದರೆ ಸಮೀಕರಣಕ್ಕೆ ತಕ್ಕ ಬೆಲೆಯನ್ನೂ ತೆರಬೇಕಾಗುತ್ತದೆ. ಅರಿಕೇಸರಿಯ ಮರ್ಯಾದೆಗಾಗಿ ಪಂಪನ ದ್ರೌಪದಿ ಅರ್ಜುನನೊಬ್ಬನಿಗೇ ಹೆಂಡತಿಯಾಗಬೇಕಾಯಿತು. ಕ್ರಿಸ್ತನನ್ನು ಚಿತ್ರನಾಯಕನೊಡನೆ ಬೆಸೆಯುವಾಗ ತೆರುವ ಬೆಲೆ ಯಾವುದು? ಕ್ರೈಸ್ತನಾದ ನನಗೆ ಮುಖ್ಯವೆನಿಸಿದ ಪ್ರಶ್ನೆ ಇದು.

ಸೂಪರ್‌ಮ್ಯಾನನ ಕಥೆಯನ್ನೇ ನೋಡೋಣ. 1938ರಲ್ಲಿ ಅವನನ್ನು ಚಿತ್ರಕಥೆಯ ಪುಟಗಳಿಗೆ ತಂದ ಜೆರಿ ಸೀಗಲ್ ಮತ್ತು ಜೋ ಶಸ್ಟರ್ ಇಬ್ಬರೂ ಯೆಹೂದಿ ತರುಣರು. ಅಳಿಯುತ್ತಿರುವ ಗ್ರಹದಿಂದ ಮಗುವೊಂದನ್ನು ಪುಟ್ಟ ನೌಕೆಯಲ್ಲಿಟ್ಟು ಕಳುಹಿಸಿದ ಆ ಕಥೆಗೆ ಜಂಬುಹುಲ್ಲಿನ ಬುಟ್ಟಿಯಲ್ಲಿ ತೇಲಿ ಉಳಿದ ಮೋಶೆಯೇ ಹೆಚ್ಚು ಹತ್ತಿರದವನು. 1978ರ ಚಲಚ್ಚಿತ್ರದಲ್ಲಿ ತಂದೆಯು ತನ್ನ ಒಬ್ಬನೇ ಮಗನನ್ನು ಮಾನವರ ಒಳಿತಿಗಾಗಿ ಕಳುಹಿಸಿದ ಮಾತು ಬರುತ್ತದೆ. ಅಲ್ಲಿಗೆ ಮೋಶೆ ಹೋಗಿ ಕ್ರಿಸ್ತ ಬಂದನು. 2013ರ 'ಮ್ಯಾನ್ ಆಫ್ ಸ್ಟೀಲ್' ಇನ್ನೂ ಮುಂದೆ ಹೋಯಿತು. ನಾಯಕನ ವಯಸ್ಸು ಮೂವತ್ತಮೂರು. ಅವನು ಚರ್ಚಿನಲ್ಲಿ ಪಾದ್ರಿಯ ಸಲಹೆ ಕೇಳುವಾಗ ಹಿಂದಿನ ಬಣ್ಣದ ಗಾಜಿನಲ್ಲಿ ಗೆತ್ಸೆಮನೆಯ ತೋಟದ ಯೇಸು. ನಿರ್ಮಾಪಕ ಸಂಸ್ಥೆಯವರು ಉಪದೇಶಕ್ಕೆ ಒದಗುವ ಟಿಪ್ಪಣಿಗಳನ್ನೂ ಬರೆಯಿಸಿ ಅಮೆರಿಕದ ಪಾದ್ರಿಗಳಿಗೆ ಹಂಚಿದರು. ವ್ಯಾಪಾರದ ಜಾಣ್ಮೆಯನ್ನು ಮೆಚ್ಚಲೇಬೇಕು! ಆದರೆ ಇಷ್ಟೆಲ್ಲ ಗುರುತುಗಳನ್ನು ಹೊತ್ತ ಆ ನಾಯಕನು ಕೊನೆಗೆ ಮಾಡುವುದೇನು? ಎದುರಾಳಿಯ ಕತ್ತನ್ನು ಮುರಿಯುತ್ತಾನೆ. ಅದರ ಹೊರತು ಅವನಿಗೆ ದಾರಿಯಿರಲಿಲ್ಲವೆಂದು ಕಥೆ ವಾದಿಸುತ್ತದೆ. ಇರಬಹುದು. ಗೆತ್ಸೆಮನೆಯಲ್ಲಿಯೂ ಪೇತ್ರನು ಹಾಗೆಯೇ ಭಾವಿಸಿ ಕತ್ತಿ ಹಿರಿದನು. ಅದನ್ನು ಒರೆಗೆ ಸೇರಿಸೆಂದು ಹೇಳಿದವನ ಚಿತ್ರವೇ ಆ ಗಾಜಿನ ಮೇಲಿರುವುದು.

ವೀರಕಥೆಗಳೆಲ್ಲಕ್ಕೂ ಒಂದೇ ಅಚ್ಚು ಎಂಬ ಮಾತನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜೋಸೆಫ್ ಕ್ಯಾಂಬೆಲ್. ಸಾವಿರ ಮುಖಗಳ ವೀರನನ್ನು ಕುರಿತ ಅವರ ಗ್ರಂಥ 1949ರಲ್ಲಿ ಹೊರಬಂದಿತು; 1977ರಲ್ಲಿ 'ಸ್ಟಾರ್ ವಾರ್ಸ್' ನಿರ್ಮಿಸಿದ ಜಾರ್ಜ್ ಲೂಕಸರು ಅದರ ಋಣವನ್ನು ಒಪ್ಪಿಕೊಂಡಿದ್ದಾರೆ. ಕ್ಯಾಂಬೆಲರ ದೃಷ್ಟಿಯಲ್ಲಿ ಬುದ್ಧ, ಕ್ರಿಸ್ತ, ಪ್ರೊಮಿಥಿಯಸ್ ಎಲ್ಲರೂ ಒಂದೇ ಪಯಣದ ಯಾತ್ರಿಕರು. ಇದಕ್ಕೆ ಕ್ರೈಸ್ತರು ಸಿಡುಕಬೇಕಾಗಿಲ್ಲ. ಇಂಥದೇ ವಾದವೊಂದನ್ನು ಆಕ್ಸ್‌ಫರ್ಡಿನ ಇಬ್ಬರು ವಿದ್ವಾಂಸರು ಮೊದಲೇ ಎದುರಿಸಿದ್ದರು. ಸಾಯುವ, ಮರಳಿ ಏಳುವ ದೇವತೆಗಳ ಕಥೆಗಳು ಎಷ್ಟೇ ಸುಂದರವಾಗಿದ್ದರೂ ಸುಳ್ಳೆಂಬುದು ಸಿ. ಎಸ್. ಲೂಯಿಸರ ನಿಲುವಾಗಿತ್ತು. 1931ರ ಸೆಪ್ಟೆಂಬರಿನ ಒಂದು ರಾತ್ರಿ ಕಾಲೇಜಿನ ಕಾಲುದಾರಿಯಲ್ಲಿ ನಡೆಯುತ್ತ ಟೋಲ್ಕಿನ್ ಮತ್ತು ಹ್ಯೂಗೊ ಡೈಸನ್ ಅವರೊಡನೆ ವಾದಿಸಿದರು. ಪುರಾಣಗಳು ಸುಳ್ಳಲ್ಲ, ಸತ್ಯದ ಹೊಳಹುಗಳು. ಕ್ರಿಸ್ತನಲ್ಲಿ ಆ ಪುರಾಣ ಇತಿಹಾಸವಾಯಿತು ಎಂಬುದು ಅವರ ಮಾತಿನ ತಿರುಳು. ಕೆಲವೇ ದಿನಗಳಲ್ಲಿ ಲೂಯಿಸರು ಕ್ರಿಸ್ತನನ್ನು ನಂಬಿದರು. ಕ್ರೈಸ್ತ ವಿಶ್ವಾಸಪ್ರಮಾಣದಲ್ಲಿ ಪೊಂತ್ಯ ಪಿಲಾತನೆಂಬ ರೋಮನ್ ಅಧಿಕಾರಿಯ ಹೆಸರು ಬರುವುದು ನಮ್ಮಲ್ಲಿ ಅನೇಕರಿಗೆ ವಿಚಿತ್ರವೆನಿಸಬಹುದು. ಕಥೆಗೆ ತಾರೀಖು ಕೊಡುವ ಹೆಸರು ಅದು.

ಆದ್ದರಿಂದ ಹೋಲಿಕೆಗಳನ್ನು ಎಣಿಸುವುದು ವ್ಯರ್ಥವೆಂದು ನನ್ನ ಅಭಿಪ್ರಾಯ. ಹುಟ್ಟಿನಲ್ಲಿ, ವಯಸ್ಸಿನಲ್ಲಿ, ಚಾಚಿದ ತೋಳುಗಳಲ್ಲಿ ಹೋಲಿಕೆ ಯಾರಿಗೂ ಸಿಕ್ಕೀತು. ಶತ್ರು ಕೈಗೆ ಸಿಕ್ಕ ಗಳಿಗೆಯಲ್ಲಿ ವೀರನು ಏನು ಮಾಡಿದನೆಂದು ನೋಡಬೇಕು. ಆ ಒರೆಗಲ್ಲಿಗೆ ಹಚ್ಚಿದರೆ ಲೂಕಸರ 1983ರ ಚಿತ್ರ ಅಚ್ಚರಿ ಹುಟ್ಟಿಸುತ್ತದೆ. ಕೋಪದ ಭರದಲ್ಲಿ ತಂದೆಯನ್ನು ಸೋಲಿಸಿ ಕೆಡವಿದ ಲ್ಯೂಕನು ಕೊಲ್ಲಬಹುದಾದ ಹೊತ್ತಿನಲ್ಲಿ ಆಯುಧವನ್ನು ಎಸೆದುಬಿಡುತ್ತಾನೆ. ಗೆದ್ದ ಗಳಿಗೆಯಲ್ಲೇ ಗೆಲುವನ್ನು ಬಿಟ್ಟ ಆದಿಪುರಾಣದ ಬಾಹುಬಲಿಯನ್ನು ಬಲ್ಲ ನಮಗೆ ಆ ದೃಶ್ಯ ಅಪರಿಚಿತವಲ್ಲ. ಬಾಹುಬಲಿ ತಪಸ್ಸಿಗೆ ನಡೆದನು. ಲ್ಯೂಕನು ಶತ್ರುವಾದ ತಂದೆಯ ಬಳಿಯೇ ಉಳಿದು ಪೆಟ್ಟು ತಿಂದನು. ಕ್ರೈಸ್ತನು ಗಮನಿಸಬೇಕಾದ ವ್ಯತ್ಯಾಸ ಇಷ್ಟೇ. (ಅದೇ ಹೊತ್ತಿಗೆ ಹೊರಗೆ ಗೆಳೆಯರು ಶತ್ರುಗಳ ಕೋಟೆಯನ್ನು ಸಿಡಿಸುತ್ತಿದ್ದರೆಂಬುದೂ ನಿಜ.)

ಟೋಲ್ಕಿನ್ನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಇನ್ನೂ ಆಳದ್ದು. ಕೇಡಿನ ಉಂಗುರವನ್ನು ಬೆಂಕಿಗೆ ಹಾಕಲು ಹೊರಟ ಫ್ರೋಡೋ ಬೆಟ್ಟದ ತುದಿಯಲ್ಲಿ ಸೋಲುತ್ತಾನೆ. ಅದು ತನ್ನದೇ ಎನ್ನುತ್ತಾನೆ. ಹಿಂದೆ ಕೊಲ್ಲಬಹುದಾಗಿದ್ದರೂ ಕನಿಕರದಿಂದ ಉಳಿಸಿದ್ದ ಗಾಲಮನು ಅವನ ಬೆರಳನ್ನು ಕಚ್ಚಿ ಉಂಗುರ ಕಿತ್ತುಕೊಂಡು, ಹಿಗ್ಗಿನಿಂದ ಕುಣಿಯುತ್ತ ಕಾಲುಜಾರಿ ಬೀಳುತ್ತಾನೆ. ವೀರನ ಬಲದಿಂದಲ್ಲ, ಎಂದೋ ತೋರಿದ ಕರುಣೆಯಿಂದ ಲೋಕ ಉಳಿಯಿತು. ಕ್ಯಾಥೊಲಿಕರಾದ ಟೋಲ್ಕಿನ್ನರು ಆ ದಿನವನ್ನು ಮಾರ್ಚ್ 25 ಎಂದು ಗೊತ್ತುಮಾಡಿದ್ದಾರೆ. ಹಳೆಯ ಕ್ರೈಸ್ತ ಸಂಪ್ರದಾಯದಲ್ಲಿ ಕ್ರಿಸ್ತನು ಶಿಲುಬೆಗೇರಿದ ದಿನ ಅದು. 2003ರಲ್ಲಿ ತೆರೆಗೆ ಬಂದಾಗ ಚಿತ್ರತಂಡದವರಿಗೆ ಇದು ಸಾಲದಾಯಿತು. ತೆರೆಯ ಮೇಲೆ ಫ್ರೋಡೋ ಎದ್ದು ಗಾಲಮನ ಮೇಲೆರಗುತ್ತಾನೆ, ಇಬ್ಬರೂ ಸೆಣಸಿ ಅಂಚಿನಿಂದ ಜಾರುತ್ತಾರೆ. ನಾಯಕನು ಸುಮ್ಮನಿರುವುದನ್ನು ಚಲಚ್ಚಿತ್ರ ಸಹಿಸಲಾರದು. ಆದರೂ ಊರಿಗೆ ಮರಳಿದ ಫ್ರೋಡೋವಿನ ಗಾಯ ಮಾಯದೆ, ತಾನು ಹಡಗು ಹತ್ತಬೇಕಾದುದನ್ನು ಅವರು ಬಿಡಲಿಲ್ಲ.