ಮಗುವಿಗೆ ಸಿಕ್ಕ ದೇವರ ಭಾಷೆ



ದೇವರು ಯಾರು? ನಿನ್ನನ್ನು ಸೃಷ್ಟಿಸಿದ್ದು ಯಾಕೆ? ಪ್ರಶ್ನೆ ಪುಸ್ತಕದಲ್ಲಿ, ಉತ್ತರವೂ ಪುಸ್ತಕದಲ್ಲಿ. ಯುರೋಪಿನ ಕ್ರೈಸ್ತ ಮಕ್ಕಳು ಶತಮಾನಗಳ ಕಾಲ ಧರ್ಮ ಕಲಿತದ್ದು ಹೀಗೆ ಬಾಯಿಪಾಠ ಮಾಡಿ. ಇದಕ್ಕೆ ಬೇರೆ ದಾರಿ ಹುಡುಕಿದವರಲ್ಲಿ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸೊರಿ ಒಬ್ಬರು. ಬಾರ್ಸಿಲೋನಾದಲ್ಲಿ ಅವರ ಮಾರ್ಗದರ್ಶನದ ಶಾಲೆಯ ಮಕ್ಕಳು ಪೂಜೆಯ ರೊಟ್ಟಿಗಾಗಿ ಗೋಧಿಯನ್ನೂ ದ್ರಾಕ್ಷಾರಸಕ್ಕಾಗಿ ಬಳ್ಳಿಯನ್ನೂ ತಾವೇ ಬೆಳೆಸಿದರು. 1939ರಲ್ಲಿ ಮದ್ರಾಸಿಗೆ ಬಂದು, ಯುದ್ಧಕಾಲವನ್ನು ನಮ್ಮ ದೇಶದಲ್ಲೇ ಕಳೆದವರು ಇದೇ ಮಾಂಟೆಸ್ಸೊರಿ. ಲೆಕ್ಕ ಕಲಿಸುವ ಅವರ ಮಣಿಸರಗಳು ನಮಗೆ ಪರಿಚಿತ. ಧರ್ಮಪಾಠದ ಈ ಪ್ರಯೋಗದ ಬಗ್ಗೆ ನಾವು ಮಾತಾಡಿದ್ದು ಕಡಿಮೆ.

ಆ ಪ್ರಯೋಗ ಮತ್ತೆ ಚಿಗುರಿದ್ದು 1954ರಲ್ಲಿ, ರೋಮ್ ನಗರದ ಒಂದು ಮನೆಯಲ್ಲಿ. ಸೋಫಿಯಾ ಕವಲ್ಲೆಟ್ಟಿ ಹೀಬ್ರೂ ವಿದ್ವಾಂಸೆ. ಮಕ್ಕಳಿಗೆ ಕಲಿಸುವ ಯೋಚನೆಯೇ ಅವರಿಗೆ ಇರಲಿಲ್ಲ. ಪರಿಚಯದ ತಾಯಿಯೊಬ್ಬರು ಕೇಳಿಕೊಂಡರೆಂದು ಏಳು ವರ್ಷದ ಹುಡುಗನೊಬ್ಬನನ್ನು ಕೂರಿಸಿಕೊಂಡು ಬೈಬಲ್ ತೆರೆದರು. ಮನೆಗೆ ಹೊರಡುವ ಹೊತ್ತಿಗೆ ಹುಡುಗನ ಕಣ್ಣಲ್ಲಿ ನೀರು. ಆ ಕಣ್ಣೀರು ವಿದ್ವಾಂಸೆಯ ಬದುಕನ್ನೇ ತಿರುಗಿಸಿತು. ಮಾಂಟೆಸ್ಸೊರಿ ಶಿಕ್ಷಕಿ ಜಾನ್ನಾ ಗೊಬ್ಬಿ ಜೊತೆಗೂಡಿದರು. ಬೈಬಲ್ ಕಥೆಗಳಿಗೆ ಮಕ್ಕಳು ಮುಟ್ಟಿ ಆಡುವ ಸಾಮಗ್ರಿ ಸಿದ್ಧವಾಯಿತು: ಮರದಲ್ಲಿ ಪುಟ್ಟ ಕುರುಬ, ಕುರಿಗಳು, ಒಂದು ಕುರಿಹಟ್ಟಿ. ಕಥೆ ಕೇಳಿದ ಮಗು ಅವನ್ನು ತಾನೇ ಸರಿಸುತ್ತಾ ಮತ್ತೆ ಮತ್ತೆ ಆಡಬೇಕು. ಮಕ್ಕಳು ಮುಟ್ಟದೆ ಬಿಟ್ಟದ್ದನ್ನು ಎಷ್ಟೇ ಚೆಂದವಾಗಿದ್ದರೂ ತೆಗೆದಿಡುತ್ತಿದ್ದರು. ಇನ್ನೂ ಒಂದು ಮಾತನ್ನು ಕವಲ್ಲೆಟ್ಟಿ ಗಟ್ಟಿಯಾಗಿ ಹೇಳಿದರು: ಆರು ವರ್ಷದೊಳಗಿನ ಮಗುವಿಗೆ ಬೇಕಾದದ್ದು ಪ್ರೀತಿ, ನೀತಿಪಾಠಕ್ಕೆ ಆಮೇಲೆ ಸಮಯವಿದೆ. ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಧೈರ್ಯದ ಮಾತು ನನಗೆ ಕಂಡಿಲ್ಲ.

ಅಮೆರಿಕದ ಪಾದ್ರಿ ಜೆರೋಮ್ ಬೆರಿಮನ್ 1971ರ ಸುಮಾರಿಗೆ ಇಟಲಿಯ ಬೆರ್ಗಾಮೊದಲ್ಲಿ ಮಾಂಟೆಸ್ಸೊರಿ ತರಬೇತಿ ಪಡೆದರು, ಕವಲ್ಲೆಟ್ಟಿಯವರಿಂದ ಕಲಿತರು. ಮುಂದೆ ಹ್ಯೂಸ್ಟನ್ನಿನ ಆಸ್ಪತ್ರೆಗಳಲ್ಲಿ ಅವರು ಕಠಿಣ ಕಾಯಿಲೆಯ ಮಕ್ಕಳ ಹತ್ತಿರ ಕೂತರು. ಸಾವು, ಒಂಟಿತನ ಮಗುವಿಗೂ ತಿಳಿಯುತ್ತದೆ, ಹೇಳಿಕೊಳ್ಳಲು ಮಾತಿರುವುದಿಲ್ಲ. ಆ ಮಾತನ್ನು, ಆ ಭಾಷೆಯನ್ನು ಕೊಡುವುದೇ ಧರ್ಮಶಿಕ್ಷಣ ಎಂದರು ಬೆರಿಮನ್. ಅವರು ಕಟ್ಟಿದ ಪದ್ಧತಿಗೆ ಗಾಡ್ಲಿ ಪ್ಲೇ ಎಂದು ಹೆಸರು. ಅದೇ ಹೆಸರಿನ ಪುಸ್ತಕ ಬಂದದ್ದು 1991ರಲ್ಲಿ.

ಗಾಡ್ಲಿ ಪ್ಲೇ ತರಗತಿಯಲ್ಲಿ ಮಕ್ಕಳು ನೆಲದ ಮೇಲೆ ಸುತ್ತ ಕೂರುತ್ತಾರೆ. ನಡುವೆ ಮರಳು ತುಂಬಿದ ಪೆಟ್ಟಿಗೆ, ಅದೇ ಮರುಭೂಮಿ. ಬೈಬಲಿನ ಅಬ್ರಹಾಮನ ಸಂಸಾರದ ಗೊಂಬೆಗಳು ಅದನ್ನು ದಾಟುತ್ತವೆ. ಕಥೆ ಹೇಳುವವರ ಕಣ್ಣು ಮಕ್ಕಳ ಮೇಲಿರದೆ ಮರಳಿನ ಮೇಲಿರುತ್ತದೆ. ಆಗ ಮಕ್ಕಳ ಕಣ್ಣೂ ಅಲ್ಲೇ ನೆಡುತ್ತದೆ. ಕಥೆ ಮುಗಿದ ಮೇಲೆ, ಇದರಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದಿರಬಹುದು ಎಂದು ಕೇಳುತ್ತಾರೆ. ಸರಿ ಉತ್ತರ ಎಂಬುದಿಲ್ಲ. ಸುಮ್ಮನಿದ್ದ ಮಗುವನ್ನು ಕೆದಕುವುದಿಲ್ಲ. ಮೌನವನ್ನೂ ಬೆರಿಮನ್ ಈ ಭಾಷೆಯ ಭಾಗವೆಂದೇ ಎಣಿಸಿದ್ದರು.