ಬಚ್ಚಲುಮನೆಯ ಗೋಡೆಗೆ ಸಿಮೆಂಟು ಹಲಗೆ

ನಮ್ಮ ಹಳೆಯ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಷ್ಟಪಟ್ಟ ಗೋಡೆ ಯಾವುದೆಂದು ಕೇಳಿದರೆ, ಬಚ್ಚಲುಮನೆಯ ಗೋಡೆ ಎನ್ನಬೇಕು. ಹಂಡೆಯ ಒಲೆಯ ಉರಿಯನ್ನೂ ಮಸಿಯನ್ನೂ ಅದು ಸಹಿಸಿತು. ದಿನವೂ ಎರಚಿದ ನೀರನ್ನು ಕುಡಿಯಿತು. ಹಬ್ಬದ ದಿನಗಳಲ್ಲಿ ಎಣ್ಣೆ ಸೀಗೆಕಾಯಿಗಳ ಲೇಪವೂ ಅದಕ್ಕೆ ಆಯಿತು. ಹಂಡೆ ಹೋಗಿ ಗೀಸರು ಬಂದ ಮೇಲೆ ಆ ಗೋಡೆಗೆ ಟೈಲ್ಸು ಹಾಕಿಸೋಣವೆಂದು ಮನೆಯವರಿಗೆ ತೋರುವುದು ಸಹಜ. ಗಾರೆಯವರು ಬಂದು ಹಳೆಯ ಗೋಡೆಯ ಮೇಲೆಯೇ ಸಿಮೆಂಟು ಮೆತ್ತಿ ಟೈಲ್ಸು ಅಂಟಿಸಿ ಹೋಗುತ್ತಾರೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ, ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟೈಲ್ಸು ಡಬಡಬ ಎನ್ನತೊಡಗುತ್ತದೆ. ಆಮೇಲೆ ಒಂದು ದಿನ ಕಳಚಿ ಬೀಳುತ್ತದೆ. ಒಡೆದ ಟೈಲ್ಸಿನ ಅಂಚು ಕ್ಷೌರದ ಕತ್ತಿಯಂಥದು. ಬರಿಗಾಲಿನ ಮಕ್ಕಳೂ ಗೋಡೆ ಹಿಡಿದು ನಡೆಯುವ ವಯಸ್ಸಾದವರೂ ಇರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ತಪ್ಪು ಟೈಲ್ಸಿನದಲ್ಲ, ಬೆನ್ನಿನದು. ಮಸಿ, ಎಣ್ಣೆ, ಹಳೆಯ ಬಣ್ಣ, ಪುಡಿಯಾಗುವ ಸುಣ್ಣದ ಗಾರೆ—ಇವುಗಳ ಮೇಲೆ ಯಾವ ಅಂಟೂ ನಿಲ್ಲದು. ಇದಕ್ಕೆ ಎರಡು ದಾರಿಗಳಿವೆ. ಹಳೆಯ ಗಾರೆಯನ್ನೆಲ್ಲ ಇಟ್ಟಿಗೆ ಕಾಣುವವರೆಗೆ ಕೆತ್ತಿ ತೆಗೆದು, ಸಿಮೆಂಟು ಗಾರೆ ಮಾಡಿ, ಚೆನ್ನಾಗಿ ನೀರುಣಿಸಿ ಒಣಗಿಸಿ, ಆಮೇಲೆ ಟೈಲ್ಸು ಹಾಕುವುದು ಮೊದಲನೆಯದು. ಗೋಡೆ ಗಟ್ಟಿಯಾಗಿದ್ದು ಕೈಯಲ್ಲಿ ಸಮಯವೂ ಇದ್ದರೆ ನಾನು ಇದನ್ನೇ ಹೇಳುತ್ತೇನೆ, ಖರ್ಚೂ ಕಡಿಮೆ. ಗೋಡೆ ಅಂಕುಡೊಂಕಾಗಿದ್ದರೆ, ಅಥವಾ ಮನೆಯವರೆಲ್ಲ ಒಂದೇ ಬಚ್ಚಲನ್ನು ನಂಬಿಕೊಂಡಿದ್ದು ವಾರಗಟ್ಟಲೆ ಕಾಯುವಂತಿಲ್ಲದಿದ್ದರೆ, ಎರಡನೆಯ ದಾರಿ ಹಿಡಿಯಬಹುದು. ಅದೇ ಇಟ್ಟಿಗೆ ಗೋಡೆಯ ಮೇಲೆ ನಾರು ಸಿಮೆಂಟಿನ ಹಲಗೆ ಕೂರಿಸುವುದು.

ಹಲಗೆ ಕೊಳ್ಳುವಾಗ ಎಚ್ಚರ ಬೇಕು. ಒಳಛಾವಣಿಗೆ ಬಳಸುವ ಕಾಗದ ಹೊದಿಸಿದ ಜಿಪ್ಸಮ್ ಹಲಗೆ ಬಚ್ಚಲಿಗೆ ಸಲ್ಲದು. ನೀರು ತಗುಲಿದರೆ ಅದು ಮಳೆಗೆ ಸಿಕ್ಕ ಹಪ್ಪಳ. ಮನೆಯ ಹಿತ್ತಲಿನಲ್ಲಿ ಬಿದ್ದಿರುವ ಹಳೆಯ ಆಸ್ಬೆಸ್ಟಾಸ್ ಶೀಟನ್ನು ಕೊಯ್ದು ಉಪಯೋಗಿಸುವ ಯೋಚನೆಯನ್ನಂತೂ ಮಾಡಲೇಬೇಡಿ. ಅದನ್ನು ಕೊಯ್ದಾಗ, ಕೊರೆದಾಗ ಏಳುವ ಸೂಕ್ಷ್ಮ ನಾರು ಶ್ವಾಸಕೋಶಕ್ಕೆ ಹೊಕ್ಕರೆ ಹತ್ತಾರು ವರ್ಷಗಳ ಮೇಲೆ ರೋಗವಾಗಿ ಕಾಣಿಸಿಕೊಳ್ಳಬಹುದು. ಆಸ್ಬೆಸ್ಟಾಸ್ ಇಲ್ಲದ್ದೆಂದು ಸ್ಪಷ್ಟವಾಗಿ ಬರೆದಿರುವ ನಾರು ಸಿಮೆಂಟು ಹಲಗೆಯನ್ನೇ ಕೇಳಿ ಪಡೆಯಿರಿ. ಇಂಥ ಚಪ್ಪಟೆ ಹಲಗೆಗಳಿಗೆ ಐ.ಎಸ್. 14862 ಎಂಬ ಭಾರತೀಯ ಮಾನಕವಿದೆ. ಟೈಲ್ಸಿಗೆ 12 ಮಿಲಿಮೀಟರ್ ದಪ್ಪದ್ದು ಒಳ್ಳೆಯದು.

ಕೆಲಸಕ್ಕೆ ಮೊದಲು ಗೋಡೆಯ ತೇವವನ್ನು ಪರೀಕ್ಷಿಸಬೇಕು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕು ಅಂಚಿಗೂ ಅಂಟುಪಟ್ಟಿ ಹಚ್ಚಿ ಒಂದೆರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಕಂಡರೆ ಅದು ಕೋಣೆಯ ಹಬೆ. ಕಿಟಕಿ ತೆರೆದರೆ ಮುಗಿಯಿತು. ಹಾಳೆಯ ಹಿಂದೆ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿದೆ. ಕೊಳಾಯಿ ಸೋರುತ್ತಿರಬಹುದು, ತಾರಸಿಯಿಂದ ಇಳಿಯುತ್ತಿರಬಹುದು, ನೆಲದಿಂದ ಏರುತ್ತಿರಬಹುದು. ಆ ಮೂಲವನ್ನು ಸರಿಪಡಿಸದೆ ಹಲಗೆ ಹೊಡೆಯುವುದೆಂದರೆ ಹುಣ್ಣನ್ನು ತೊಳೆಯದೆ ಬಟ್ಟೆ ಕಟ್ಟಿದ ಹಾಗೆ. ಬಚ್ಚಲಿನ ಕಡೆ ಹೊಳಪಾಗಿ ಕಂಡರೂ, ನೀರು ಗೋಡೆಯ ಇನ್ನೊಂದು ಮೈಗೆ, ನಿಮ್ಮ ದೇವರಮನೆಗೋ ಅಡಿಗೆಮನೆಗೋ ಹೊರಟು, ಅಲ್ಲಿನ ಸುಣ್ಣವನ್ನು ಉದುರಿಸುತ್ತದೆ.

ಇನ್ನು ಭಾರದ ಮಾತು. ಒಂದು ಚದರ ಮೀಟರಿನಷ್ಟು ಹಲಗೆ, ಅಂಟು ಮತ್ತು ಒಂದು ಸೆಂಟಿಮೀಟರ್ ದಪ್ಪದ ಟೈಲ್ಸು ಸೇರಿ ಸುಮಾರು 40 ಕಿಲೋ ತೂಗುತ್ತವೆ. ಆರು ಅಡಿ ಅಗಲ, ಏಳು ಅಡಿ ಎತ್ತರದ ಗೋಡೆಗೆ ಲೆಕ್ಕ ಹಾಕಿ: ಒಂದೂವರೆ ಕ್ವಿಂಟಾಲು! ಒಂದೂವರೆ ಮೂಟೆ ಅಕ್ಕಿಯನ್ನು ಗೋಡೆಗೆ ನೇತುಹಾಕಿದಂತೆ. ಬರಿಯ ಅಂಟನ್ನು ನಂಬುವಂತಿಲ್ಲ, ಬರಿಯ ತಿರುಪುಮೊಳೆಯನ್ನೂ ನಂಬುವಂತಿಲ್ಲ, ಎರಡೂ ಬೇಕು.

ಸಡಿಲವಾದ ಗಾರೆಯನ್ನೆಲ್ಲ ತಟ್ಟಿ ಉದುರಿಸಿ, ಮಸಿಯನ್ನು ತಂತಿಬ್ರಷ್ಷಿನಿಂದ ಉಜ್ಜಿ, ಎಣ್ಣೆಯನ್ನು ಸೋಡಾಪುಡಿಯ ನೀರಿನಿಂದ ತೊಳೆದು ಒಣಗಿಸಿ. ಹಲಗೆಯ ಬೆನ್ನಿಗೆ ಸಿಮೆಂಟು ಅಂಟನ್ನು ಗೇಣುಗೇಣು ದೂರಕ್ಕೆ ಉಂಡೆಯಾಗಿ ಇಟ್ಟು ಗೋಡೆಗೆ ಒತ್ತಿ, ತೂಗುಗುಂಡು ಹಿಡಿದು ನೇರ ಮಾಡಬೇಕು. ಗೋಡೆಯ ಡೊಂಕನ್ನು ಈ ಉಂಡೆಗಳೇ ನುಂಗಿಕೊಳ್ಳುತ್ತವೆ. ಹಲಗೆಯ ಕೆಳ ಅಂಚು ನೆಲಕ್ಕೆ ತಾಗಬಾರದು, ಅರ್ಧ ಬೆರಳು ಮೇಲಿರಲಿ. ಒಂದು ಹಲಗೆಗೂ ಇನ್ನೊಂದಕ್ಕೂ ನಡುವೆ 3 ಮಿಲಿಮೀಟರ್ ಸಂದು ಇರಲಿ.

ಅಂಟು ಗಟ್ಟಿಯಾದ ಮೇಲೆ, ಅಂದರೆ ಮರುದಿನ, ಬೈರಿಗೆ ಹಿಡಿಯಬೇಕು. ಅದಕ್ಕೆ ಮೊದಲು ಕೊಳಾಯಿಯೂ ವಿದ್ಯುತ್ತಿನ ತಂತಿಯೂ ಗೋಡೆಯಲ್ಲಿ ಎಲ್ಲಿ ಹಾಯ್ದಿವೆಯೆಂದು ಗುರುತು ಮಾಡಿ, ಆ ಭಾಗದ ವಿದ್ಯುತ್ತನ್ನು ನಿಲ್ಲಿಸಿ. ರಂಧ್ರ ಇಟ್ಟಿಗೆಯ ಮೈಯಲ್ಲಿ ಬೀಳಬೇಕೇ ಹೊರತು ಸಂದಿನಲ್ಲಲ್ಲ; ಹಳೆಯ ಗೋಡೆಗಳಲ್ಲಿ ಇಟ್ಟಿಗೆಗಳ ನಡುವೆ ಮಣ್ಣೋ ಸುಣ್ಣವೋ ಇರುತ್ತದೆ, ಅದು ತಿರುಪನ್ನು ಹಿಡಿಯದು. ಆದ್ದರಿಂದ ಹಲಗೆ ಮುಚ್ಚುವ ಮುಂಚೆಯೇ ಇಟ್ಟಿಗೆಯ ಸಾಲುಗಳ ಎತ್ತರವನ್ನು ಪಕ್ಕದ ಗೋಡೆಯ ಮೇಲೆ ಗೆರೆ ಹಾಕಿಟ್ಟುಕೊಂಡಿರಬೇಕು. ಇಟ್ಟಿಗೆ ಮೆತ್ತಗಿದ್ದರೆ ಬೈರಿಗೆಯ ಸುತ್ತಿಗೆಯೇಟನ್ನು ನಿಲ್ಲಿಸಿ ಬರೀ ತಿರುಗಿಸಿಯೇ ಕೊರೆಯಿರಿ. ತಿರುಪಿನ ಉದ್ದಕ್ಕೂ ಲೆಕ್ಕವುಂಟು: ಹಲಗೆ 12, ಅಂಟು 10, ಉಳಿದ ಗಾರೆ 20, ಇಟ್ಟಿಗೆಯೊಳಗೆ 50—ಒಟ್ಟು 92 ಮಿಲಿಮೀಟರ್, ಎಂದರೆ 100ರ ತಿರುಪು. ಅಂಗಡಿಯವರು ಕೊಡುವ ಒಂದೂವರೆ ಅಂಗುಲದ್ದು ಇಟ್ಟಿಗೆಯನ್ನೇ ಮುಟ್ಟುವುದಿಲ್ಲ! ಪ್ಲಾಸ್ಟಿಕ್ ಗೂಟ ಕೂರಿಸಿ, ತುಕ್ಕು ಹಿಡಿಯದ ತಿರುಪನ್ನು ಅಗಲವಾದ ಬಿಲ್ಲೆಯೊಡನೆ, ಸುಮಾರು ಅಡಿಗೊಂದರಂತೆ ಬಿಗಿಯಬೇಕು. ಹಲಗೆ ಕೊಯ್ಯುವವರು ಹೊರಗೆ ಕುಳಿತು, ಮೂಗಿಗೆ ಧೂಳು ತಡೆಯುವ ಮುಖವಾಡ ಕಟ್ಟಿಕೊಂಡೇ ಕೊಯ್ಯಲಿ.

ಇಷ್ಟಾದ ಮೇಲೆ ಬಹಳ ಜನ ಎಡವುವ ಒಂದು ಸಂಗತಿ ಇದೆ. ಸಿಮೆಂಟು ಹಲಗೆ ನೀರಿಗೆ ಕೆಡುವುದಿಲ್ಲ, ನಿಜ. ಆದರೆ ಅದು ನೀರನ್ನು ತಡೆಯುವುದೂ ಇಲ್ಲ. ಮಣ್ಣಿನ ಮಡಕೆಯನ್ನು ನೆನೆಯಿರಿ. ಅದು ಕರಗುವುದಿಲ್ಲ, ಆದರೆ ಮೈಯೆಲ್ಲ ಜಿನುಗುತ್ತದೆ. ಟೈಲ್ಸಿನ ಸಂದುಗಳಿಂದ ನುಸುಳಿದ ನೀರು ಹಲಗೆಯನ್ನು ದಾಟಿ ಇಟ್ಟಿಗೆಗೆ ಸೇರುತ್ತದೆ. ಆದ್ದರಿಂದ ಸಂದುಗಳಿಗೂ ತಿರುಪಿನ ತಲೆಗಳಿಗೂ ಅಂಟು ತುಂಬಿ, ಸಂದಿನ ಮೇಲೆ ಗಾಜುನಾರಿನ ಬಲೆಪಟ್ಟಿ ಒತ್ತಬೇಕು. ಸಾಧಾರಣ ಗಾಜಿನ ನಾರನ್ನು ಸಿಮೆಂಟಿನ ಕ್ಷಾರ ತಿಂದುಹಾಕುತ್ತದೆ. ಕ್ಷಾರ ತಾಳುವ ಬಲೆಯನ್ನೇ ಕೇಳಬೇಕು. ಅದರ ಮೇಲೆ ನೀರುತಡೆ ಲೇಪವನ್ನು ಎರಡು ಸಲ ಬಳಿಯಿರಿ. ಮೊದಲನೆಯದು ಅಡ್ಡಕ್ಕಾದರೆ ಎರಡನೆಯದು ಉದ್ದಕ್ಕೆ. ಗೋಡೆ ನೆಲ ಕೂಡುವ ಮೂಲೆಯಲ್ಲಿ ಲೇಪದೊಳಗೆ ಬಟ್ಟೆಪಟ್ಟಿ ಸೇರಿಸಿ, ಲೇಪ ನೆಲಕ್ಕೂ ಹರಿಯುವಂತೆ ಮಾಡಬೇಕು. ಹಲಗೆಯ ಕೆಳಗೆ ಬಿಟ್ಟ ಅರ್ಧ ಬೆರಳಿನ ಸಂದನ್ನು ಇದಕ್ಕೆ ಮೊದಲೇ ರಬ್ಬರಿನಂಥ ಸಿಲಿಕೋನಿನಿಂದಲೋ ಅಂಥದೇ ಮೆದು ಪದಾರ್ಥದಿಂದಲೋ ತುಂಬಿರಬೇಕು, ಸಿಮೆಂಟಿನಿಂದಲ್ಲ. ಸಿಮೆಂಟು ಅಲ್ಲಿ ಬಿರಿಯುತ್ತದೆ.

ಲೇಪ ಒಣಗಿದ ಮೇಲೆ ಟೈಲ್ಸು. ಇಲ್ಲಿ ಉಂಡೆ ಇಡುವ ಪದ್ಧತಿ ಬೇಡ. ಹಲ್ಲಿನ ಕರಣೆಯಿಂದ ಅಂಟನ್ನು ಪೂರ್ತಿ ಹರಡಿ. ಈ ಅಂಟುಗಳ ಮಾನಕ ಐ.ಎಸ್. 15477, ಚೀಲದ ಮೇಲೆ ಆ ಸಂಖ್ಯೆ ನೋಡಿ. ಮೊದಲ ಒಂದೆರಡು ಟೈಲ್ಸನ್ನು ಹಸಿಯಿರುವಾಗಲೇ ಎತ್ತಿ ಬೆನ್ನು ತಿರುಗಿಸಿ ನೋಡುವುದು ಮನೆಯವರ ಹಕ್ಕು. ಬೆನ್ನಿನ ತುಂಬ ಅಂಟು ಹತ್ತಿದ್ದರೆ ಕೆಲಸ ಸರಿ. ನಡುವೆ ಬಯಲು ಕಂಡರೆ ಮೇಸ್ತ್ರಿಗಳಿಗೆ ಆಗಲೇ ಹೇಳಿಬಿಡಿ. ಸಂದು ತುಂಬುವುದು ಮರುದಿನಕ್ಕಿರಲಿ. ಗೀಸರಿನ ಕೊಕ್ಕೆಯನ್ನೂ, ವಯಸ್ಸಾದವರು ಹಿಡಿದು ಏಳುವ ಕಂಬಿಯನ್ನೂ ಹಲಗೆಗೆ ಬಿಗಿಯಬೇಡಿ. ಅವುಗಳ ಬೋಲ್ಟುಗಳು ಹಲಗೆಯನ್ನು ದಾಟಿ ಗಟ್ಟಿ ಇಟ್ಟಿಗೆಯೊಳಗೇ ಹೋಗಬೇಕು, ಆ ರಂಧ್ರಗಳ ಸುತ್ತಲೂ ಸಿಲಿಕೋನ್ ತುಂಬಬೇಕು.