ಕಡಲ ದಂಡೆಯ ಪುಟ್ಟ ಜೀವಿ, ನಮ್ಮ ಗದ್ದೆಯ ಏಡಿ



ಕಂಪ್ಯೂಟರಿನವನು ಹುಳದ ಮಾತಾಡುತ್ತಾನಲ್ಲ ಎಂದು ನಗಬೇಡಿ. ಕಾರವಾರದ ದಂಡೆಯಲ್ಲಿ ಕೊಳೆತ ಕಡಲಪಾಚಿಯ ರಾಶಿಯನ್ನು ಕಾಲಿನಿಂದ ಸರಿಸಿದೆ. ಕೆಳಗಿನಿಂದ ಅಕ್ಕಿಕಾಳಿನಷ್ಟು ಜೀವಿಗಳು ಪಟಪಟನೆ ಹಾರಿದವು. ಇವು ಹುಳವಲ್ಲ, ಏಡಿ-ಸೀಗಡಿಗಳ ಬಂಧುಗಳು, ಹೆಸರು ಆಂಫಿಪಾಡ್. ಮೈ ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ. ಹಗಲು ಒದ್ದೆ ಮರಳಿನಲ್ಲಿ ಅಡಗಿದ್ದು, ರಾತ್ರಿ ಎದ್ದು ಕೊಳೆತ ಪಾಚಿ ತಿನ್ನುತ್ತವೆ. ಇವನ್ನು ದಂಡೆಯ ಹಕ್ಕಿಗಳು ತಿನ್ನುತ್ತವೆ.

ಕಡಲ ಏಡಿಯ ಮರಿಗಳು ನೀರಿನಲ್ಲಿ ತೇಲಿ ದೂರ ಹೋಗುತ್ತವೆ. ಇವು ಹಾಗಲ್ಲ. ತಾಯಿ ಎದೆಯ ಕೆಳಗಿನ ಚೀಲದಲ್ಲೇ ಮೊಟ್ಟೆ ಇಟ್ಟುಕೊಳ್ಳುತ್ತದೆ. ಮರಿ ತಾಯಿಯ ರೂಪದಲ್ಲೇ ಹೊರಬರುತ್ತದೆ. ತೇಲುವ ಪಾಚಿಯೋ ಕಟ್ಟಿಗೆಯೋ ಸಿಕ್ಕರೆ ಪ್ರಯಾಣ, ಇಲ್ಲದಿದ್ದರೆ ಹುಟ್ಟಿದ ದಂಡೆಯೇ ಊರು. ಹಾಗಾಗಿ ಸ್ವಚ್ಛತೆಯ ಹೆಸರಿನಲ್ಲಿ ಯಂತ್ರದಿಂದ ಪಾಚಿಯನ್ನೆಲ್ಲ ಬಾಚಿದರೆ ಇವು ಬೇಗ ತಿರುಗಿ ಬರುವುದಿಲ್ಲ. ಪ್ಲಾಸ್ಟಿಕ್ ಆರಿಸಿ, ಪಾಚಿ ಬಿಡಬೇಕು.

ಸಿರುಗುಪ್ಪ, ಕುರುಗೋಡು ಕಡೆ ಗದ್ದೆಯ ಬದುವಿನಲ್ಲಿ ಏಡಿ ಹಿಡಿದವರಿಗೆ ಇದು ಹೊಸದಲ್ಲ. ತಾಯಿಯ ಹೊಟ್ಟೆಯ ಮಡಿಕೆ ಬಿಡಿಸಿದರೆ ಪುಟಾಣಿ ಮರಿಗಳು, ಪೂರ್ತಿ ಏಡಿಗಳೇ! ಸಿಹಿನೀರಿನ ಏಡಿಗೂ ತೇಲುವ ಮರಿ ಇಲ್ಲ. ಬದು ತೂತು ಮಾಡುತ್ತದೆಂದು ಅಪ್ಪ ಬೈಯುತ್ತಿದ್ದರು, ಅದೂ ಸುಳ್ಳಲ್ಲ. ಆದರೆ ಔಷಧಿ ಹೊಡೆದು ಒಂದು ಗದ್ದೆಯ ಏಡಿ ಮುಗಿದರೆ, ಬೇರೆ ಏಡಿ ಕಾಲುವೆಯಲ್ಲೋ ನಡೆದೋ ಬರಬೇಕು.

ಮಕ್ಕಳೇ, ವಿಜ್ಞಾನದ ಸರ್ ಹತ್ತಿರ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ. ಯಾವ ಗದ್ದೆ, ಯಾವ ದಿನ, ಮರಿ ಇತ್ತೇ: ಮೂರೇ ಕಾಲಂ. ನೋಡಿದ ಏಡಿಯನ್ನು ಬಿಲದ ಬಾಯಲ್ಲೇ ಬಿಡಿ.